ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕತ್ತರಿ ಅಕ್ಕ

ನಮ್ಮ ಹೊಲಿಗೆ ಕೋಣೆಯಲ್ಲಿ ಜಗಳ ಶುರುವಾಗಿದ್ದು ಫ್ಯಾನಿನಿಂದ. ಚಳಿಗಾಲ ಆಗತಾನೇ ಕಾಲಿಟ್ಟಿತ್ತು. ನಾವೆಲ್ಲ ಶಾಲು ಹೊದ್ದುಕೊಂಡು ಶಾಲೆ ಮಕ್ಕಳ ಅಂಗಿ ಹೊಲೀತಾ ಇದ್ದರೆ, ಕತ್ತರಿಸೋ ಮೇಜಿನ ಮೇಲೆ ಫ್ಯಾನು ಗಿರಗಿರ ತಿರುಗೋದು. ಯಾರಾದರೂ ಆರಿಸಿದರೆ ಕತ್ತರಿ ಅಕ್ಕ ಬಂದು ಮತ್ತೆ ಹಾಕೋಳು.

"ಅಕ್ಕ, ಚಳಿಗೆ ಹಲ್ಲು ಕಟಕಟ ಅಂತಿದೆ," ಅಂದಳು ಗುಂಡಿ ಹಾಕೋ ಹುಡುಗಿ.

"ಬಾಯಿ ಮುಚ್ಚಿಕೊಂಡು ಕೂತ್ಕೋ, ನಿಲ್ಲುತ್ತೆ."

ಮೊದಲಾಗಿದ್ದರೆ ಈ ಮಾತನ್ನ ಅಕ್ಕ ನಗ್ತಾ ಹೇಳ್ತಿದ್ದಳು. ಆವತ್ತು ನಗಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ಬಂತು.

ಅಕ್ಕ ಅಂಥವಳಲ್ಲ. ನಮ್ಮ ಕೋಣೆಗೆ ಅವಳೇ ಬೆನ್ನೆಲುಬು. ನಲವತ್ತು ಪದರ ಬಟ್ಟೆ ಹಾಸಿ, ಸುಣ್ಣದ ಕಡ್ಡಿಯಲ್ಲಿ ಒಂದು ಗೆರೆ ಎಳೆದು ಕತ್ತರಿ ಓಡಿಸಿದಳೆಂದರೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಒಂದು ನೂಲಿನ ವ್ಯತ್ಯಾಸ ಇರ್ತಿರಲಿಲ್ಲ. ನನಗೆ ಮಿಷನ್ನು ತುಳಿಯೋದು ಹೇಳಿಕೊಟ್ಟಿದ್ದೇ ಅವಳು. ನಾನು ಮೊದಲ ವಾರ ಹೊಲಿದ ತೋಳುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಸಿದಳು, ಒಂದು ಮಾತೂ ಬೈಯಲಿಲ್ಲ. ಅವಳ ಮನೆ ನಮ್ಮ ಪಕ್ಕದ್ದೇ. ಗೋಡೆ ಒಂದೇ, ಒಗ್ಗರಣೆ ಹಾಕಿದರೆ ಎರಡೂ ಮನೆಯವರು ಸೀನ್ತೀವಿ.

ಅಂಥ ಅಕ್ಕ ಕತ್ತರಿಸಿಕೊಟ್ಟ ತೋಳುಗಳನ್ನ ಒಂದು ಬೆಳಗ್ಗೆ ನಾನು ಅಂಗಿಗೆ ಜೋಡಿಸೋಕೆ ಕೂತೆ. ಎಡಗೈ ಆಯ್ತು. ಬಲಗೈ ಹುಡುಕಿದೆ, ಸಿಗಲಿಲ್ಲ. ಕಟ್ಟು ಬಿಚ್ಚಿ ನೋಡಿದರೆ ಎಂಬತ್ತು ತೋಳೂ ಎಡಗೈಯವೇ. ಬಲಗೈಗೆ ತೋಳಿನ ಕಾಗದದ ಅಚ್ಚನ್ನ ಮಗುಚಿ ಇಡೋದನ್ನ ಅಕ್ಕ ಮರೆತಿದ್ದಳು.

ಮೆಲ್ಲಗೆ ಹೋಗಿ ತೋರಿಸಿದೆ. ನೋಡಿದಳು. ಅವಳ ಕುತ್ತಿಗೆಯಿಂದ ಮುಖದವರೆಗೆ ಕೆಂಪು ಏರಿತು, ಹಣೆ ಮೇಲೆ ಬೆವರು ಮಣಿ ಕಟ್ಟಿತು. ಆಮೇಲೆ ತಾನೇ ಹೊಲಿಗೆ ಕೋಣೆಯ ಯಜಮಾನರ ಹತ್ತಿರ ಹೋಗಿ, "ತಪ್ಪು ನನ್ನದು. ನನ್ನ ತಲೆ ನಿಲ್ತಾ ಇಲ್ಲ. ಈ ತಿಂಗಳಿಗೆ ಕೆಲಸ ಬಿಡ್ತೀನಿ," ಅಂತ ಹೇಳಿ ಬಂದಳು. "ಬೇರೆಯವರು ಸಿಗೋವರೆಗಾದರೂ ಇರು," ಅಂದರು ಯಜಮಾನರು.

ಅದೇ ವಾರ ಆರೋಗ್ಯ ಕೇಂದ್ರದ ಸಿಸ್ಟರ್ ಹೊಸ ಬಿಳಿ ಕೋಟಿಗೆ ಅಳತೆ ಕೊಡೋಕೆ ಬಂದರು. ಅಕ್ಕ ಟೇಪು ಹಿಡಿದು ಅವರ ಹೆಗಲು ಅಳೀತಾ ಇದ್ದಾಗ ಮತ್ತೆ ಬೆವರಿಳಿಯೋಕೆ ಶುರುವಾಯ್ತು. ಅಳತೆ ಹೇಳ್ತಾ ಹೇಳ್ತಾ ತಡವರಿಸಿದಳು. ಹದಿನಾಲ್ಕೋ ಹದಿನೈದೋ, ಮರೆತೇ ಹೋಗಿತ್ತು.

ಸಿಸ್ಟರ್ ಅವಳ ಕೈ ಹಿಡಿದುಕೊಂಡು ದನಿ ತಗ್ಗಿಸಿ ಕೇಳಿದರು, "ವಯಸ್ಸು ಎಷ್ಟಮ್ಮ?"

"ನಲವತ್ತೇಳು."

"ಮುಟ್ಟು ಸರಿಯಾಗಿ ಬರ್ತಿದೆಯಾ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಎದ್ದು ಹೋಗೋಣ ಅಂದುಕೊಂಡೆ. "ಕೂತ್ಕೋ, ನೀನೇನು ಹೊರಗಿನವಳಾ," ಅಂದಳು. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿದಳು. ಎರಡು ತಿಂಗಳು ಬರಲ್ಲ, ಬಂದರೆ ಹತ್ತು ದಿನ ಹೋಗಲ್ಲ. ರಾತ್ರಿ ಬೆವರಿಗೆ ದಿಂಬು ಒದ್ದೆ. ನಿದ್ದೆ ಇಲ್ಲ. ಸುಮ್ಮಸುಮ್ಮನೆ ಸಿಟ್ಟು, ಸುಮ್ಮಸುಮ್ಮನೆ ಅಳು. ಗಂಡ ಅನ್ನ ನುಂಗೋ ಸದ್ದು ಕೇಳಿದರೂ ಮೈ ಉರಿಯುತ್ತೆ.

"ನನಗೆ ಹುಚ್ಚು ಹಿಡೀತಿದೆ ಅನ್ನಿಸುತ್ತೆ ಸಿಸ್ಟರ್."

"ಹುಚ್ಚೂ ಇಲ್ಲ, ಗ್ರಹಚಾರವೂ ಇಲ್ಲ," ಅಂದರು ಸಿಸ್ಟರ್. "ಮುಟ್ಟು ಅನ್ನೋದು ನಲ್ಲಿ ತಿರುಗಿಸಿದ ಹಾಗೆ ಒಂದೇ ದಿನಕ್ಕೆ ನಿಲ್ಲಲ್ಲ. ಕೆಲವು ವರ್ಷ ಹಾರ್ಮೋನು ಏರುತ್ತೆ, ಇಳಿಯುತ್ತೆ. ಅದಕ್ಕೇ ಈ ಬಿಸಿ, ಬೆವರು, ಮರೆವು, ಕೀಲುನೋವು. ಇದು ಕಾಯಿಲೆ ಅಲ್ಲ. ಹಾಗಂತ ಹಲ್ಲು ಕಚ್ಚಿ ಸಹಿಸಬೇಕು ಅಂತಲೂ ಇಲ್ಲ."

ಅಕ್ಕ ಚೀಲದಿಂದ ಒಂದು ಡಬ್ಬಿ ತೆಗೆದಳು. ಯಾರೋ ಮನೆ ಬಾಗಿಲಿಗೆ ತಂದು ಕೊಟ್ಟ ಪುಡಿ. "ಇದನ್ನ ತಗೊಳ್ತಿದ್ದೀನಿ. ಪೂರ್ತಿ ನೈಸರ್ಗಿಕವಂತೆ. ಏನೂ ತೊಂದರೆ ಇಲ್ಲವಂತೆ."

ಸಿಸ್ಟರ್ ಡಬ್ಬಿಯನ್ನ ನಾಲ್ಕೂ ಕಡೆ ತಿರುಗಿಸಿದರು. ಒಳಗೆ ಏನಿದೆ ಅಂತ ಒಂದಕ್ಷರವೂ ಬರೆದಿರಲಿಲ್ಲ. "ಹಾವಿನ ವಿಷವೂ ನೈಸರ್ಗಿಕವೇ ಅಲ್ವಾ ಅಕ್ಕ? ನೀನು ನಮ್ಮ ಕೇಂದ್ರದಿಂದ ಬೀಪಿ ಮಾತ್ರೆ ಬೇರೆ ತಗೊಳ್ತೀಯ. ಇದಕ್ಕೂ ಅದಕ್ಕೂ ಜಗಳ ಬಿದ್ದರೆ ಬಿಡಿಸೋರು ಯಾರು? ಗಿಡಮೂಲಿಕೆ ಎಲ್ಲವೂ ಕೆಟ್ಟದ್ದು ಅಂತ ಹೇಳ್ತಿಲ್ಲ. ಯಾವುದನ್ನೇ ಆಗಲಿ, ಡಾಕ್ಟರಿಗೆ ತೋರಿಸಿ ಆಮೇಲೆ ಬಾಯಿಗೆ ಹಾಕು ಅಂತಿದ್ದೀನಿ. ಮೊದಲು ಹೆಚ್ಚು ರಕ್ತ ಹೋಗ್ತಿರೋದನ್ನ ನೋಡಿಸೋಣ."

ಮನೆಯಲ್ಲಿ ಈ ಸುದ್ದಿ ಕೇಳಿ ಅಕ್ಕನ ಅತ್ತೆ ಮೂಗು ಮುರಿದರು. ಅರವತ್ತೆಂಟು ವಯಸ್ಸು, ಮಾತು ಮಾತ್ರ ಸೂಜಿಮೊನೆ. "ನನಗೂ ನಿಂತಿತು. ನಾನು ಯಾವ ಆಸ್ಪತ್ರೆಗೆ ಹೋಗಿದ್ದೆ? ನೀರು ಹೊತ್ತೆ, ನಾಲ್ಕು ಮಕ್ಕಳನ್ನ ಸಾಕಿದೆ. ಈಗಿನವರಿಗೆ ಬೆವರು ಒರೆಸೋಕೂ ಡಾಕ್ಟರ್ ಬೇಕು."

ಮಾರನೇ ದಿನ ಅಕ್ಕ ನನ್ನನ್ನ ಕರೆದುಕೊಂಡು ಡಾಕ್ಟರ ಹತ್ತಿರ ಹೋದಳು.

ಡಾಕ್ಟರಮ್ಮ ಬೀಪಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಗರ್ಭಕೋಶದ ಸ್ಕ್ಯಾನೂ ಆಯ್ತು. ಥೈರಾಯ್ಡು ಸರಿಯಿತ್ತು, ಗರ್ಭಕೋಶದಲ್ಲಿ ಗಡ್ಡೆ ಗಿಡ್ಡೆ ಇರಲಿಲ್ಲ. ಆದರೆ ಮೈಯಲ್ಲಿ ರಕ್ತವೇ ಕಮ್ಮಿ. ಸುಸ್ತಿಗೆ ಅದೂ ಒಂದು ಕಾರಣ. ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ರಕ್ತಸ್ರಾವ ಹತೋಟಿಗೆ ಬರೋಕೂ ಔಷಧಿ ಕೊಟ್ಟರು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು, "ಊಟ, ನಡಿಗೆ, ನಿದ್ದೆ. ಈ ಮೂರು ಅಡಿಪಾಯ, ಅದು ನಿನ್ನ ಕೈಯಲ್ಲಿದೆ. ಮೂರು ತಿಂಗಳು ಮಾಡು. ಬಿಸಿ, ಬೆವರು ಆಗಲೂ ತಡೆಯೋಕಾಗದಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಔಷಧಿ ತಗೊಂಡರೆ ಸೋತ ಹಾಗೆ ಅಂತ ತಿಳ್ಕೋಬೇಡ."

ಇಲ್ಲಿಂದ ಮುಂದೆ ನಾನು ಕಣ್ಣಾರೆ ಕಂಡಿದ್ದು. ಅಕ್ಕ ಬಟ್ಟೆ ಕತ್ತರಿಸೋ ಹಾಗೇ ಇದನ್ನೂ ಗೆರೆ ಹಾಕಿಕೊಂಡು ಮಾಡಿದಳು. ದಿನಕ್ಕೆ ಆರು ಲೋಟ ಟೀ ಕುಡಿಯೋಳು ಎರಡಕ್ಕೆ ಇಳಿದಳು, ಮಧ್ಯಾಹ್ನದ ಮೇಲೆ ಮುಟ್ಟಲಿಲ್ಲ. ತಟ್ಟೆಯಲ್ಲಿ ಕಾಳು, ಸೊಪ್ಪು, ಮೊಸರು ತಪ್ಪಲಿಲ್ಲ. ಎಳ್ಳು ಹುರಿದು ಡಬ್ಬಿಯಲ್ಲಿ ತಂದು ನಮಗೂ ಹಂಚೋಳು. ಮಲಗೋ ಕೋಣೆಯ ಕಿಟಕಿ ತೆಗೆದಿಟ್ಟು, ತೆಳು ಹತ್ತಿ ಬಟ್ಟೆ ಹಾಕ್ಕೊಂಡು, ದಿನಾ ಒಂದೇ ಹೊತ್ತಿಗೆ ಮಲಗೋಳು. ಬಿಸಿ ಏರಿದಾಗ ಕತ್ತರಿ ಕೆಳಗಿಟ್ಟು ನಿಧಾನವಾಗಿ ಉಸಿರು ಎಳೆದು ಬಿಡೋಳು. ಊಟದ ಹೊತ್ತಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳು, ಹತ್ತು ಸಲ ಕೂರು. "ಇದೇನಕ್ಕ, ಕುರ್ಚಿಗೆ ಕಾವು ಕೊಡ್ತಿದ್ದೀಯಾ?" ಅಂತ ನಾವು ನಗ್ತಿದ್ದೆವು. "ಮೂಳೆ ಗಟ್ಟಿಯಾಗಬೇಕು ಕಣ್ರೇ. ಮುಟ್ಟು ನಿಂತಮೇಲೆ ಮೂಳೆ ಸವೆಯೋದು ಜಾಸ್ತಿ. ನಗೋದು ಬಿಟ್ಟು ನೀವೂ ಏಳಿ," ಅಂದಳು. ಒಂದು ತಿಂಗಳಲ್ಲಿ ಕೋಣೆಯ ಹದಿನಾಲ್ಕು ಕುರ್ಚಿಯೂ ಕಿರ್ರ್ ಅನ್ನೋಕೆ ಶುರುವಾದವು.

ಅವಳ ಗಂಡ ಬಸ್ಸು ರಿಪೇರಿ ಮಾಡೋರು, ಮಾತು ಕಮ್ಮಿ. ಸಿಸ್ಟರ್ ಅವರನ್ನೂ ಕೂರಿಸಿ ಎಲ್ಲ ತಿಳಿಸಿದರು. ಕೇಳಿಸಿಕೊಂಡು ತಲೆ ಕೆರೆದುಕೊಂಡು, "ಇಂಜಿನ್ ಬಿಸಿಯಾದರೆ ಏನು ಮಾಡಬೇಕು ಅಂತ ನನಗೆ ಗೊತ್ತಿತ್ತು. ಇವಳು ಬಿಸಿಯಾದರೆ ದೂರ ಇರಬೇಕು ಅಂತ ಮಾತ್ರ ಗೊತ್ತಿತ್ತು," ಅಂದರು. ಆವತ್ತಿನಿಂದ ಸಂಜೆ ಅರ್ಧ ಗಂಟೆ ಹೆಂಡತಿ ಜೊತೆ ನಡೆಯೋಕೆ ಹೊರಟರು. ವಾಪಸ್ಸು ಬಂದು ತಾವೇ ಅನ್ನಕ್ಕೆ ಇಡೋರು. ಮೊದಲ ವಾರ ಗಂಜಿ ಆಯ್ತು. ಅಕ್ಕ ಅದನ್ನೇ ಉಂಡಳು.

ಮೂರು ತಿಂಗಳಿಗೆ ಎಲ್ಲ ಮಾಯವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಿಸಿ ಈಗಲೂ ಬರುತ್ತೆ, ಆದರೆ ದಿನಕ್ಕೆ ಹತ್ತು ಸಲ ಬರ್ತಿದ್ದದ್ದು ಎರಡು ಮೂರು ಸಲ. ನಿದ್ದೆ ಹತ್ತಿತು. ರಕ್ತಸ್ರಾವ ಹತೋಟಿಗೆ ಬಂತು, ಮುಖಕ್ಕೆ ಕಳೆ ಬಂತು. ಒಂದು ದಿನ ಗುಂಡಿ ಹಾಕೋ ಹುಡುಗಿ ಹತ್ತಿರ ಹೋಗಿ, "ಆವತ್ತು ನಿನ್ನ ಮೇಲೆ ರೇಗಿದ್ದು ತಪ್ಪಾಯ್ತು ಮಗಳೇ," ಅಂದಳು. ಕೆಲಸ ಬಿಡಲ್ಲ ಅಂತ ಹೇಳೋಕೆ ಯಜಮಾನರ ಹತ್ತಿರವೂ ಹೋದಳು. ಅವರು ಅಕ್ಕನ ಜಾಗಕ್ಕೆ ಯಾರನ್ನೂ ಹುಡುಕಿಯೇ ಇರಲಿಲ್ಲ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವಳು ಕತ್ತರಿ ಅಕ್ಕನೇ ಅಲ್ಲ. ಒಂದು ರಜಾದಿನ ನಮ್ಮ ಬೀದಿಯ ಹೆಂಗಸರನ್ನೆಲ್ಲ ತನ್ನ ಮನೆಗೆ ಕರೆದಳು, ಸಿಸ್ಟರನ್ನೂ ಕರೆಸಿದಳು. ಚಾಪೆ ಸಾಲದೆ ನಮ್ಮ ಮನೆಯವೂ ಹೋದವು. ಮುಟ್ಟಿನ ಮಾತು ಬಂದರೆ ಗುಸುಗುಸು ಅನ್ನೋ ಬೀದಿ ನಮ್ಮದು. ಅಕ್ಕ ಎದ್ದು ನಿಂತು, ಎಂಬತ್ತು ಎಡಗೈ ತೋಳಿನ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ತಲೆ ತಗ್ಗಿಸಲಿಲ್ಲ. ಅವಳ ಧೈರ್ಯ ನೋಡಿ ನನ್ನ ಎದೆ ತುಂಬಿ ಬಂತು. ಅವಳು ಹೇಳಿ ಮುಗಿಸೋ ಹೊತ್ತಿಗೆ, "ನನಗೂ ಹಾಗೇ," "ನನಗೂ," ಅಂತ ಐದಾರು ದನಿ ಎದ್ದವು.

ಅತ್ತೆ ಮೂಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸ್ತಾ ಕೂತಿದ್ದರು, ನನಗೂ ಇದಕ್ಕೂ ಸಂಬಂಧ ಇಲ್ಲ ಅನ್ನೋ ಹಾಗೆ.

ಸಿಸ್ಟರ್ ಕೊನೆಗೆ ಹೇಳಿದರು, "ಒಂದು ಮಾತು ಮಾತ್ರ ಯಾರೂ ಮರೆಯಬೇಡಿ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯೇ ಇರಲಿ, ನೋವೇ ಇಲ್ಲದಿರಲಿ, ತಡ ಮಾಡದೆ ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಅದು ಸಣ್ಣ ಕಾರಣಕ್ಕೇ ಇರುತ್ತೆ. ಕೆಲವು ಸಲ ದೊಡ್ಡದು ಇರುತ್ತೆ. ಬೇಗ ಬಂದರೆ ದೊಡ್ಡದೂ ಗುಣವಾಗುತ್ತೆ."

ಮೊರದ ಸದ್ದು ನಿಂತಿತು.

ಎಲ್ಲರೂ ಹೋದ ಮೇಲೆ ನಾನು ಹಿಂದುಗಡೆ ಲೋಟ ತೊಳೀತಿದ್ದೆ. ಅಕ್ಕ ಚಾಪೆ ಸುತ್ತುತ್ತಿದ್ದಳು. ಅತ್ತೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಆ ಸಿಸ್ಟರ್ ಹೇಳಿದಳಲ್ಲ, ಒಂದು ಹನಿ ಅಂತ."

"ಹೂಂ ಅತ್ತೆ."

"ನನಗೆ ನಾಲ್ಕು ತಿಂಗಳಿಂದ ಆಗ್ತಿದೆ. ಆಗೊಮ್ಮೆ ಈಗೊಮ್ಮೆ. ಬಟ್ಟೆ ನಾನೇ ತೊಳ್ಕೋತೀನಿ. ಈ ವಯಸ್ಸಲ್ಲಿ ಇದನ್ನ ಯಾರ ಹತ್ತಿರ ಅಂತ ಹೇಳಲಿ?"

ಅಕ್ಕ ಚಾಪೆ ಕೆಳಗಿಟ್ಟು ಅತ್ತೆಯ ಕೈ ಹಿಡಿದುಕೊಂಡಳು. ನೀವು ನನ್ನ ಬಗ್ಗೆ ಹಾಗಂದಿರಿ, ಹೀಗಂದಿರಿ ಅಂತ ಲೆಕ್ಕ ಒಪ್ಪಿಸಲಿಲ್ಲ. "ನನ್ನ ಹತ್ತಿರ ಹೇಳಿದಿರಲ್ಲ, ಸಾಕು. ನಾಳೆ ಬೆಳಗ್ಗೆ ಹೋಗೋಣ," ಅಂದಳು. ಆ ಅತ್ತೆ ಸೊಸೆಯ ಹೆಗಲಿಗೆ ಮುಖ ಇಟ್ಟಿದ್ದನ್ನ ನಾನು ಮೊದಲ ಸಲ ನೋಡಿದ್ದು ಆವತ್ತು.

ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯ್ತು, ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರೋವರೆಗೂ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಬಂದಾಗ ಭಯಪಟ್ಟಿದ್ದೇ ನಿಜವಾಯ್ತು. ಕ್ಯಾನ್ಸರ್, ಆದರೆ ಮೊದಲ ಹಂತ. ಬೇರೆಲ್ಲೂ ಹರಡಿರಲಿಲ್ಲ. ಆಪರೇಷನ್ ಮಾಡಿ ಗರ್ಭಕೋಶ ತೆಗೆದರು. ಹನ್ನೆರಡು ದಿನ ಅಕ್ಕ ಆಸ್ಪತ್ರೆಗೂ ಮನೆಗೂ ಓಡಾಡಿದಳು. ಅಕ್ಕನ ಗಂಡ ರಜೆ ಹಾಕಿ ತಾಯಿಯ ಹಾಸಿಗೆ ಪಕ್ಕ ಕೂತರು. ಮನೆಗೆ ಕಳಿಸುವಾಗ ಡಾಕ್ಟರು, "ಸರಿಯಾದ ಹೊತ್ತಿಗೆ ಕರೆದುಕೊಂಡು ಬಂದಿರಿ. ಇನ್ನೊಂದು ವರ್ಷ ಬಚ್ಚಿಟ್ಟಿದ್ದರೆ ಈ ಮಾತು ಹೇಳೋಕೆ ಆಗ್ತಿರಲಿಲ್ಲ," ಅಂದರಂತೆ.

ಈಗ ಎಂಟು ತಿಂಗಳಾಯ್ತು. ಅತ್ತೆ ತಪಾಸಣೆಗೆ ಹೇಳಿದ ದಿನಕ್ಕೆ ಸರಿಯಾಗಿ ಹೋಗಿ ಬರ್ತಾರೆ. ಬೀದಿಯಲ್ಲಿ ನಡುವಯಸ್ಸಿನ ಹೆಂಗಸು ಕಂಡರೆ ಸಾಕು, ನಿಲ್ಲಿಸಿ, "ಏನಮ್ಮ, ಮುಟ್ಟು ಹೇಗಿದೆ? ನಿದ್ದೆ ಹತ್ತುತ್ತಾ?" ಅಂತ ಕೇಳ್ತಾರೆ. ನಾಚಿಕೊಂಡು ಓಡಿ ಹೋದವರ ಮನೆಗೇ ಹೋಗಿ ಕೂರ್ತಾರೆ. "ನನ್ನ ಸೊಸೆ ನಾಚಿಕೊಂಡು ಕೂತಿದ್ದರೆ ನಾನು ಇವತ್ತು ನಿನ್ನ ಮುಂದೆ ಇರ್ತಿರಲಿಲ್ಲ," ಅಂತಾರೆ. ಅದಾದಮೇಲೆ ಯಾರೂ ಬಾಗಿಲು ಹಾಕಿಕೊಳ್ಳಲ್ಲ.

ಇದನ್ನ ಓದ್ತಿರೋ ಅಕ್ಕ, ಅಮ್ಮ, ತಂಗಿ, ನಿಮಗೂ ಮೈ ಬಿಸಿಯಾಗಿ ಬೆವರ್ತಿದೆಯಾ, ನಿದ್ದೆ ಕೈಕೊಟ್ಟಿದೆಯಾ, ಮುಟ್ಟು ಲೆಕ್ಕ ತಪ್ಪಿದೆಯಾ? ನಿಮ್ಮ ತಲೆ ಕೆಟ್ಟಿಲ್ಲ, ನೀವು ಒಬ್ಬರೇ ಅಲ್ಲ. ಚೆನ್ನಾಗಿ ಉಣ್ಣಿ, ನಡೀರಿ, ನಿದ್ದೆಗೆ ಜಾಗ ಮಾಡಿ. ಹೆಸರಿಲ್ಲದ ಪುಡಿಯನ್ನ ಯಾರೇ ಕೊಟ್ಟರೂ ಕೈಮುಗಿದು ವಾಪಸ್ ಕಳಿಸಿ. ರಕ್ತ ಹೆಚ್ಚು ಹೋದರೆ, ನಿಂತ ಮೇಲೆ ಮತ್ತೆ ಕಂಡರೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಮನೆಯ ಗಂಡಸರು ಓದ್ತಿದ್ದರೆ ನೀವೂ ಜೊತೆಗೆ ಹೋಗಿ.

ಮತ್ತೆ ಇವತ್ತು ಸಂಜೆ ನಿಮ್ಮ ಮನೆಯ ಹಿರಿ ಹೆಂಗಸಿನ ಪಕ್ಕ ಒಂದು ಗಳಿಗೆ ಕೂತು, "ನಿಮಗೆ ಏನಾದರೂ ತೊಂದರೆ ಇದೆಯಾ?" ಅಂತ ಕೇಳಿ. "ಏನೂ ಇಲ್ಲ" ಅಂತಾರೆ. ಎದ್ದು ಹೋಗಬೇಡಿ. ಇನ್ನೊಂದು ಸಲ ಕೇಳಿ.