ಗಿರಣಿ ಮಾವನ ಒಂಟಿ ಸೀನು

ನಮ್ಮೂರಿನಿಂದ ಹೊರಗೆ ಹೋಗುವವರೆಲ್ಲ ಹಿಟ್ಟಿನ ಗಿರಣಿಯನ್ನು ಹಾದೇ ಹೋಗಬೇಕು. ಬಸ್ಸು ನಿಲ್ಲುವುದೂ ಅದರ ಎದುರಿಗೇ. ಗಿರಣಿ ನಡೆಸುವವರು ಊರಿಗೆಲ್ಲ ಮಾವ, ಅವರ ಹೆಂಡತಿ ಊರಿಗೆಲ್ಲ ಅತ್ತೆ. ಮೂವತ್ತು ವರ್ಷ ಹಿಟ್ಟಿನ ಧೂಳಿನಲ್ಲಿ ನಿಂತು ಮಾವನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗಾಗಿದ್ದವು. ಅದೇ ಧೂಳಿಗೆ ಅವರು ಸೀನುತ್ತಿದ್ದರು. ಸೀನು ಎಂದರೆ ಅಂತಿಂಥ ಸೀನಲ್ಲ. ಗಿರಣಿಯ ಬೆಲ್ಟಿನ ಪಟಪಟ ಸದ್ದನ್ನೂ ಮೀರಿ ಬಸ್‌ಸ್ಟಾಪಿನವರೆಗೆ ಕೇಳಿಸುತ್ತಿತ್ತು.

ಜೋರಾಗಿ ಸೀನಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮಾವ ಒಂದೇ ಸಲ ಸೀನಿ ಸುಮ್ಮನಾಗಿಬಿಡುತ್ತಿದ್ದರು. ಹೊರಟಾಗ ಜೋಡಿ ಸೀನು ಕೇಳಿದರೆ ಒಳ್ಳೆಯದು, ಒಂಟಿ ಸೀನು ಕೇಳಿದರೆ ಹೋದ ಕೆಲಸ ಕೆಟ್ಟಿತು ಎಂಬುದು ಊರಿನ ನಂಬಿಕೆ. ಹಾಗಾಗಿ ಎತ್ತಿದ ಹೆಜ್ಜೆಯನ್ನು ಅಲ್ಲೇ ಇಟ್ಟು ಜನ ಗಿರಣಿಯ ಬಾಗಿಲಿಗೆ ಬರುತ್ತಿದ್ದರು.

"ಇನ್ನೊಂದು ಹಾಕಿ ಮಾವ, ನಿಮ್ಮ ದಮ್ಮಯ್ಯ. ಬಸ್ಸು ಬಂತು."

"ನನ್ನ ಮೂಗಿಗೆ ನಿಮ್ಮ ಕೋರ್ಟು ಕಚೇರಿ ಗೊತ್ತೇನ್ರೋ? ಅದಕ್ಕೆ ಗೊತ್ತಿರೋದು ಮೆಣಸಿನಪುಡಿ ಒಂದೇ," ಎಂದು ಮಾವ ನಗುತ್ತಿದ್ದರು.

ಊರಿನ ಟೈಲರ್ ಅಂತೂ ಹೀಗೆ ಕಾದು ಕಾದು ಒಂದೇ ವಾರದಲ್ಲಿ ಎರಡು ಬಸ್ಸು ತಪ್ಪಿಸಿಕೊಂಡಿದ್ದ. "ನಿಮ್ಮೂರ ಟೈಮ್‌ಟೇಬಲ್ ಇರೋದು ಆ ಯಜಮಾನರ ಮೂಗಲ್ಲಿ," ಎಂದು ಕಂಡಕ್ಟರ್ ಗೊಣಗುತ್ತಿದ್ದ.

ಹೀಗಿರುವಾಗ ಮಾವನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಮೊದಲ ಮೊಮ್ಮಗಳು. ನೋಡಲು ಹೊರಟ ದಿನ ಮಾವ ಎರಡು ಸಲ ಸ್ನಾನ ಮಾಡಿದರೂ ಕಿವಿಯ ಹಿಂದಿನ ಹಿಟ್ಟು ಹೋಗಲಿಲ್ಲ. ಟೈಲರ್ ಹೊಲಿದುಕೊಟ್ಟ ಹೊಸ ಅಂಗಿ ತೊಟ್ಟು, ಹತ್ತು ಗಂಟೆಯ ಬಸ್ಸಿಗೆ ಹೆಂಡತಿಯೊಂದಿಗೆ ಬಂದರು. ಹೋಗುವ ಮುಂಚೆ ಗಿರಣಿಯ ಷಟರ್ ಎಳೆದರು. ಮೇಲಿದ್ದ ಧೂಳೆಲ್ಲ ಮುಖಕ್ಕೇ ಉದುರಿತು.

ಆಮೇಲೆ ಸೀನು. ಒಂದೇ.

ಬಸ್‌ಸ್ಟಾಪಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಮಾವನೂ ಬಾಯಿ ತೆರೆದುಕೊಂಡೇ ನಿಂತರು. ಎರಡನೆಯದು ಬರಲಿಲ್ಲ. ಬಸ್ಸು ಬಂತು.

"ಹೊರಡಿ ಮಾವ," ಎಂದ ಟೈಲರ್, ನಗು ತಡೆದುಕೊಂಡು. "ನಿಮ್ಮ ಮೂಗಿಗೆ ಏನು ಗೊತ್ತು?"

"ಹೊರಡ್ತೀನಪ್ಪ. ಇದಕ್ಕೆಲ್ಲ ನಾನು ಹೆದರ್ತೀನಾ?" ಎಂದರು ಮಾವ. ಹೇಳಿದರೇ ಹೊರತು ಕಾಲು ಏಳಲಿಲ್ಲ. ಬೀಗ ಸರಿಯಾಗಿ ಬಿದ್ದಿಲ್ಲವೆಂದು ಒಮ್ಮೆ ಜಗ್ಗಿ ನೋಡಿದರು. ಚಪ್ಪಲಿಯಲ್ಲಿ ಕಲ್ಲು ಸೇರಿದೆಯೆಂದು ಒಮ್ಮೆ ಕೊಡವಿದರು. ಕೊನೆಗೆ, ಕಾಳಿನ ಚೀಲ ತಂದು ಗಿರಣಿ ಮುಚ್ಚಿದ್ದು ನೋಡಿ ಕಟ್ಟೆಯ ಮೇಲೆ ಕೂತಿದ್ದ ಶಕುನದಜ್ಜಿಯ ಹತ್ತಿರ ಹೋಗಿ ಮೆಲ್ಲಗೆ ಬಗ್ಗಿದರು. ಊರಿನಲ್ಲಿ ಹಲ್ಲಿ ಲೊಚಗುಟ್ಟಿದರೂ ಬೆಕ್ಕು ಅಡ್ಡ ಬಂದರೂ ತೀರ್ಪು ಅಜ್ಜಿಯದೇ.

"ಅಜ್ಜಿ, ಸುಮ್ಮನೆ ಕೇಳ್ತೀನಿ. ತನ್ನ ಸೀನು ತನಗೇ ತಾಗುತ್ತಾ?"

ಅಜ್ಜಿ ಯೋಚಿಸಿದಳು. "ತಾಗಲ್ಲ ಅಂತಾನೂ ಕೆಲವರು ಹೇಳ್ತಿದ್ರು ಕಣೋ."

ಮಾವನ ಮುಖ ಅರಳಿತು.

"ಅವರ್ಯಾರೂ ಈಗ ಬದುಕಿಲ್ಲ," ಎಂದಳು ಅಜ್ಜಿ.

ಮಾವ ಸರಸರನೆ ಬೀಗ ತೆಗೆದು ಷಟರನ್ನು ಮೊಣಕಾಲಿನಷ್ಟು ಎತ್ತಿ ಒಳಗೆ ನುಸುಳಿದರು. ಮೆಣಸಿನಕಾಯಿ ಪುಡಿ ಮಾಡುವ ಯಂತ್ರದ ಬಾಯಿಗೆ ಬೆರಳಿಟ್ಟು ಮೂಸಿದರು. ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು, ಸೀನು ಮಾತ್ರ ಬರಲಿಲ್ಲ. ಹೊರಗೆ ಬಂದು ಸೂರ್ಯನನ್ನು ದುರುಗುಟ್ಟಿ ನೋಡಿದರು. ಟೈಲರ್ ಜೇಬಿನಿಂದ ದಾರ ತೆಗೆದು, "ಇದನ್ನ ಮೂಗಿನೊಳಗೆ ಬಿಟ್ಟು ನೋಡಿ," ಎಂದ. ಅದನ್ನೂ ಮಾಡಿದರು. ಮೂವತ್ತು ವರ್ಷ ಕರೆಯದೆ ಬಂದ ಸೀನು ಅಂದು ಕರೆದರೂ ತಿರುಗಿ ನೋಡಲಿಲ್ಲ.

"ಬರ್ತೀರೋ, ರೈಟ್ ಹೇಳ್ಲೋ?" ಎಂದು ಕಂಡಕ್ಟರ್ ಕೂಗಿದ.

ಅತ್ತೆ ಆಗಲೇ ಬಸ್ಸಿನೊಳಗೆ ಕೂತಿದ್ದರು. ತೊಡೆಯ ಮೇಲೆ ಮಗುವಿಗೆಂದು ಹಳೆಯ ಸೀರೆಯಲ್ಲಿ ಹೊಲಿದ ಮೆತ್ತನೆಯ ಅಂಗಿಗಳ ಗಂಟು. ಗಂಡನ ಕೆಂಪು ಕಣ್ಣು, ಮೂಗಿನಿಂದ ಜೋತಾಡುತ್ತಿದ್ದ ದಾರ ಎರಡನ್ನೂ ನೋಡಿದರು. ನೋಡಿ, ಸೆರಗನ್ನು ಮುಖಕ್ಕೆ ಹಿಡಿದು, "ಅಕ್‌ಷೀ," ಎಂದರು. ಪುಸ್ತಕ ಓದಿದಷ್ಟು ಸ್ಪಷ್ಟವಾಗಿ.

ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

"ಗಂಡ ಹೆಂಡತಿ ಅಂದ್ಮೇಲೆ ಬೇರೆ ಬೇರೆ ಮೂಗಾ?" ಎಂದಳು ಅಜ್ಜಿ. "ಜೋಡಿ ಸೀನೇ ಅದು. ಹೋಗಿ ಬಾರೋ. ನಾಳೆಯಾದ್ರೂ ನನ್ನ ಹಿಟ್ಟು ಆಗ್ಬೇಕು."

ಮಾವ ಓಡಿ ಬಸ್ಸು ಹತ್ತಿದರು. ಊರ ಗಡಿ ದಾಟಿದ ಮೇಲೆ ಹೆಂಡತಿಯ ಕಡೆ ಬಗ್ಗಿ ಕೇಳಿದರು: "ಏ, ನಿಜವಾಗ್ಲೂ ಬಂತಾ?"

"ಧೂಳು ರೀ."

"ಕಿಟಕಿ ಮುಚ್ಚಿದೆಯಲ್ಲೇ."

"ಹಂಗಾದ್ರೆ ಇಳಿದು ವಾಪಸ್ ಹೋಗಿ."

ಸೀನಿನ ಅಸಲು ನಕಲು ಮಾವನಷ್ಟು ಬಲ್ಲವರು ಯಾರೂ ಇರಲಿಲ್ಲ. ಆದರೂ ಮತ್ತೆ ಕೇಳಲಿಲ್ಲ. ಟಿಕೆಟ್ಟನ್ನು ಸಣ್ಣಗೆ ಮಡಚಿ ಜೇಬಿಗಿಟ್ಟುಕೊಂಡರು.

ಮಗಳ ಮನೆ ಸೇರಿದಾಗ ಮಗು ಆಗಷ್ಟೇ ಎದ್ದಿತ್ತು. ಬೀಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ಮಾವನ ತೋಳಿಗಿಟ್ಟರು. ಮಗು ಕಣ್ಣು ಕಿರಿದು ಮಾಡಿ ನೋಡಿತು. ಮಾವ ಬಾಯಿ ತೆರೆಯುವುದರೊಳಗೆ ಬೀಗಿತ್ತಿ ಕೈ ಅಡ್ಡ ಹಿಡಿದರು. "ಚೆನ್ನಾಗಿದೆ ಅಂತ ಮಾತ್ರ ಅನ್ಬೇಡಿ ಬೀಗರೇ. ದೃಷ್ಟಿಯಾಗುತ್ತೆ."

ಮಾವ ನಾಲಗೆಯ ತುದಿಗೆ ಬಂದಿದ್ದನ್ನು ನುಂಗಿದರು. ಆಮೇಲೆ ಮಗುವಿನ ಪುಟ್ಟ ಮುಷ್ಟಿಯನ್ನು ಬೆರಳಿನಿಂದ ಬಿಡಿಸುತ್ತ ಶುರು ಮಾಡಿದರು. "ಥೂ, ಏನ್ ಕೂಸಮ್ಮ ಇದು! ತಲೇಲಿ ಕೂದಲಿಲ್ಲ, ಬಾಯಲ್ಲಿ ಹಲ್ಲಿಲ್ಲ. ಕೈಯೆಲ್ಲ ಸುಕ್ಕು. ಇಷ್ಟು ಕೆಟ್ಟದಾಗಿರೋ ಕೂಸನ್ನ ನಾನು ಜನ್ಮದಲ್ಲಿ ನೋಡಿಲ್ಲ..." ಎಂದು ಆ ಪುಟ್ಟ ಕೈಯನ್ನು ಕೆನ್ನೆಗೆ ಒತ್ತಿಕೊಂಡರು. ಮಂಚದ ಮೇಲಿದ್ದ ಮಗಳು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

"ನನಗೂ ಕೊಡ್ರೀ ಸ್ವಲ್ಪ," ಎಂದು ಅತ್ತೆ ಕೈ ಚಾಚಿದರು.

"ತಡಿಯೇ," ಎಂದರು ಮಾವ, ಮಗುವನ್ನು ಆ ಕಡೆಗೆ ತಿರುಗಿಸಿಕೊಂಡು. "ಇನ್ನೂ ಬಯ್ಯೋದು ಬಹಳ ಇದೆ."