ಕಿತ್ತ ಎಳೆಗೆ ಗಂಟು

ಮಾಘದ ಚಳಿ, ಮಂಗಳವಾರ ಹೊತ್ತು ಮೂಡುವ ವೇಳೆ. ಮೊಮ್ಮಗಳ ಧಾರೆಗೆಂದು ನಾನೇ ನೇಯ್ದ ರೇಷ್ಮೆ ಸೀರೆ ಹಿಡಿದುಕೊಂಡು ನಾನೂ ನನ್ನ ಮನೆಯಾಕೆ ಅನಸೂಯಳೂ ಕೊಳ್ಳೇಗಾಲ ಬಿಟ್ಟೆವು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂದರೆ ಪುಣೆಯ ವಿಮಾನವೇ ರದ್ದಾಗಿತ್ತು. ಧಾರೆ ಇದ್ದದ್ದು ಗುರುವಾರ, ಪುಣೆಯಲ್ಲೇ.

"ತಾತ, ದುಡ್ಡು ವಾಪಸ್ ತಗೊಳ್ಳಿ, ಇಲ್ಲಾಂದ್ರೆ ಬೇರೆ ವಿಮಾನ ಕೇಳಿ. ಯಾವ್ದು ಬೇಕು ಅನ್ನೋದು ನಿಮ್ಮ ಹಕ್ಕು," ಅಂದಳು ಕೌಂಟರಿನ ಹುಡುಗಿ.

ಇನ್ನು ಹೊತ್ತಿಗೆ ಮುಟ್ಟುವುದು ಆಗದ ಮಾತೆಂದು ನಾನು ದುಡ್ಡೇ ಸಾಕೆಂದೆ. ಅನಸೂಯ ರೇಗಿದಳು.

"ಏನ್ರೀ, ಮಗ್ಗದಲ್ಲಿ ಎಳೆ ಕಿತ್ರೆ ಗಂಟು ಆಕಿ ಮುಂದಕ್ಕೆ ನೇಯ್ತೀರೋ, ನೂಲಿನ ಕಾಸು ಈಸ್ಕಂಡು ಎದ್ದೋಯ್ತೀರೋ? ಬ್ಯಾರೆ ವಿಮಾನ ಕೇಳಿ ಕಣ್ರಿ!"

ಹುಡುಗಿ ನಕ್ಕು ಮರುದಿನದ ಸೀಟು ಕೊಟ್ಟಳು. ಊಟ, ರೂಮು ಎಲ್ಲ ವಿಮಾನದವರದೇ ಖರ್ಚು. ಧಾರೆ ಸೀರೆಯನ್ನು ಮಾತ್ರ ನಾವು ನೆಲಕ್ಕಿಡಲಿಲ್ಲ.

ಬುಧವಾರ ಬೆಳಿಗ್ಗೆ ಇಬ್ಬರೂ ಪುಣೆಗೆ ಹೊರಟೆವು. ಸೀರೆ ಅನಸೂಯಳ ಮಡಿಲಲ್ಲಿತ್ತು.