ಭಾರದ ತೋಟಾ, ಹಗುರದ ತೋಟಾ

ನಮ್ಮೂರು ಸವಡಿಯಲ್ಲಿ ನಮ್ಮದು ಬಂದೂಕಿನ ಮನೆ ಎಂದೇ ಹೆಸರು. ಮಾವನವರು ಬಿಟ್ಟುಹೋದ ರೈಫಲ್ ಅದು. ಒಮ್ಮೆಗೆ ಗುಂಡು, ಮದ್ದು ತುಂಬಿದ ಒಂದೇ ತೋಟಾ ಹಿಡಿಯುತ್ತದೆ, ನಳಿಗೆ ಮಾತ್ರ ಭಾರಿ ದಪ್ಪ. ಶಿಕಾರಿಗೆ ಅಡ್ಡಿಯಿಲ್ಲದ ಕಾಲದಲ್ಲಿ ಮಾವನವರು ಅದರಿಂದ ಹಂದಿ ಕೆಡವಿದವರು. ನಮ್ಮ ಯಜಮಾನರು ಪ್ರಭುಲಿಂಗಪ್ಪನವರು ಅದಕ್ಕೆ ಎಣ್ಣೆ ಸವರಿಕೊಂಡು ಬಂದವರು. ಪ್ರತಿ ಅಮಾವಾಸ್ಯೆ ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದು. ನನ್ನನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ನನಗಂತೂ ನೆನಪಿಲ್ಲ.

ಹಾರಿಸಿದ್ದು ಒಂದೇ ಸಲ. ಹದಿನೈದು ವರ್ಷದ ಹಿಂದೆ, ಗೋವಿನಜೋಳಕ್ಕೆ ನುಗ್ಗಿದ ಹಂದಿಗಳನ್ನು ಬೆದರಿಸಲು ಹೋಗಿ, ತಾವೇ ಬೆದರಿ ಬಂದರು. ಬಾವಿಯ ಮೆಟ್ಟಿಲಲ್ಲಿ ಜಾರಿದೆ ಎಂದು ಊರಿಗೆಲ್ಲ ಹೇಳಿದರು. ಬಾತ ಭುಜಕ್ಕೆ ಅರಿಶಿನ ಹಚ್ಚಿದವಳು ನಾನು. ಯಾವ ಮೆಟ್ಟಿಲೂ ಬಂದೂಕಿನ ಹಿಡಿಯ ಆಕಾರದಲ್ಲಿ ಬಾವು ಬರಿಸುವುದಿಲ್ಲ.

ಈ ಸಲ ಲೈಸೆನ್ಸ್ ನವೀಕರಣಕ್ಕೆ ಹೊಸ ಷರತ್ತು ಬಂತು. ಪೊಲೀಸರ ಎದುರು ಮೂರು ಗುಂಡು ಹಾರಿಸಿ ಗುರಿಯ ಹಾಳೆಗೆ ತಾಗಿಸಬೇಕು. ತಪ್ಪಿದರೆ ಬಂದೂಕು ಠಾಣೆಗೆ. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇವರ ಅಣ್ಣ ಶಿವನಪ್ಪ ಮೊದಲಿನಿಂದಲೂ ಅನ್ನುವುದು ಒಂದೇ: ಅಪ್ಪನ ಬಂದೂಕಿಗೆ ತಕ್ಕ ಎದೆ ತಮ್ಮನಿಗಿಲ್ಲ. ಬಂದೂಕು ಹೋದರೆ ಆ ಮಾತೇ ಉಳಿಯುತ್ತದೆ.

ತೋಟಾ ತರಲು ಗಜೇಂದ್ರಗಡಕ್ಕೆ ಹೋದೆವು. ಜಂಗ್ಲಿಸಾಬಣ್ಣನದು ಲೈಸೆನ್ಸ್ ಇರುವ ಬಂದೂಕಿನ ಅಂಗಡಿ, ರಿಪೇರಿಯೂ ಅವನದೇ. ಎರಡು ಬಗೆಯ ತೋಟಾ ಎದುರಿಗಿಟ್ಟ.

"ಇದು ಭಾರದ್ದು. ಗುಂಡೂ ದೊಡ್ಡದು, ಮದ್ದೂ ಜಾಸ್ತಿ. ಮುಂದ ಎಷ್ಟು ಜೋರ ಹೋಗತೈತಿ, ಹಿಂದ ಅಷ್ಟು ಜೋರ ಒದಿತೈತಿ. ಇದು ಹಗುರದ್ದು. ಹಾಳಿ ಹೊಡಿಯಾಕ ಇದು ಸಾಕ್ರಿ ಗೌಡ್ರ."

ಶಿವನಪ್ಪನೂ ನಮ್ಮ ಸಂಗಡ ಬಂದಿದ್ದ. ಅವನು ಮೀಸೆಯಲ್ಲೇ ನಕ್ಕ. ಇವರು ಅದನ್ನು ನೋಡಿದರು.

"ಅಪ್ಪ ಹಾರಸ್ತಿದ್ದದ್ದ ಕೊಡ್ರಿ. ಭಾರದ್ದ," ಅಂದರು.

ಜಂಗ್ಲಿಸಾಬಣ್ಣ ನನ್ನ ಮುಖ ನೋಡಿದ. ಹಗುರದ್ದನ್ನೂ ಅದೇ ಪಾವತಿ ಚೀಟಿಯಲ್ಲಿ ಬರೆದು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಕೊಟ್ಟ. "ಇರ್ಲಿ ಗೌಡ್ರ, ಭಾರ ಏನಿಲ್ಲ," ಅಂದ.

ಗುಡ್ಡದ ಬುಡದಲ್ಲಿ ಪೊಲೀಸರು ಹಾಳೆ ನಿಲ್ಲಿಸಿದ್ದರು. ಹಾಲೇಶ ಎಂಬ ಹುಡುಗಮುಖದ ಇನ್ಸ್‌ಪೆಕ್ಟರ್ ರಿಜಿಸ್ಟರ್ ಹಿಡಿದು ಕುಳಿತಿದ್ದ. ಪರೀಕ್ಷೆಗೆ ಮೊದಲು ಒಂದು ಗುಂಡು ರೂಢಿಗೆ ಎಂದ. ಇವರು ಚೀಲದಿಂದ ಕೌದಿ ತೆಗೆದರು. ನಮ್ಮತ್ತೆ ಹೊಲಿದ ಕೌದಿ, ನಾಲ್ಕು ಮಂದಿ ಹೊದ್ದು ಮಲಗುವಂಥದ್ದು. ಅದನ್ನು ಎಂಟು ಮಡಿಕೆ ಮಾಡಿ ಭುಜದ ಮೇಲಿಟ್ಟು ಹಗ್ಗ ಬಿಗಿದುಕೊಂಡು, ಭಾರದ ತೋಟಾ ತುಂಬಿದರು. ಒದೆತ ತಾಗಬಾರದೆಂಬ ಹಂಚಿಕೆ. ಮೆತ್ತೆ ಎಷ್ಟು ದಪ್ಪವಾಯಿತೆಂದರೆ ಬಂದೂಕಿನ ಹಿಡಿ ಭುಜದ ಗುಳಿಗೆ ಕೂರಲೇ ಇಲ್ಲ, ತೋಳಿನ ಅಂಚಿನಲ್ಲಿ ತೂಗುತ್ತಿತ್ತು. ಅದು ಸಾಲದೆಂದು ಹೆದರಿಕೆಗೆ ಹಿಡಿಯನ್ನು ಮೆತ್ತೆಯಿಂದಲೂ ಎರಡು ಬೆರಳು ದೂರವೇ ಹಿಡಿದಿದ್ದರು.

ಢಂ ಅಂದದ್ದು ಕೇಳಿತು. ನೋಡುವಷ್ಟರಲ್ಲಿ ಯಜಮಾನರು ಕೌದಿಯ ಸಮೇತ ಕೂತಿದ್ದರು. ಹಾಳೆಗೆ ಏನೂ ಆಗಿರಲಿಲ್ಲ. ಶಿವನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಇವರ ಕಣ್ಣಲ್ಲಿ ನೀರು ನೋಡಿ ಹತ್ತಿರ ಹೋದೆ.

"ಕೊಟ್ಟು ಬಿಡೂಣು ಹೊನ್ನಿ. ನನ್ನ ಕಡಿಂದ ಆಗೂದಿಲ್ಲ," ಅಂದರು.

ನಾನು ಹಗ್ಗ ಬಿಚ್ಚಿ ಕೌದಿ ತೆಗೆದೆ. ನನ್ನ ಟವೆಲ್ಲನ್ನು ಒಂದೇ ಮಡಿಕೆ ಮಾಡಿ ಅಂಗಿಯ ಒಳಗೆ, ಭುಜದ ಗುಳಿಗೆ ಸರಿಯಾಗಿ ಇಟ್ಟೆ. ಪೆಟ್ಟಿಗೆಯಿಂದ ಮೂರು ಹಗುರದ ತೋಟಾ ತೆಗೆದು ಕೈಗೆ ಕೊಟ್ಟೆ.

"ಇದು ಸಣ್ಣ ಹುಡುಗರದ್ದು," ಅಂದರು.

"ಹಂದಿ ಮೈಮ್ಯಾಲ ಬಂದ್ರ ಭಾರದ್ದು ಬೇಕು. ಆ ಹಾಳಿ ಎದ್ದು ಬರೂದಿಲ್ರಿ ನಿಮ್ಮ ಮ್ಯಾಲೆ. ಮತ್ತ ಅದನ್ನ ಪರರ ಕೂಸು ಹಿಡಿದಂಗ ದೂರ ಹಿಡಿಬ್ಯಾಡ್ರಿ. ಸಂದು ಬಿಟ್ರ ಓಡಿ ಬಂದು ಗುದ್ದತೈತಿ. ಅಪ್ಪಿ ಹಿಡಿದ್ರ ಬರೇ ನೂಕತೈತಿ."

"ನಿನಗ ಯಾರು ಹೇಳಿದ್ರು?"

"ನೀವು ಕೌದಿ ಮಡಚುವಾಗ ಜಂಗ್ಲಿಸಾಬಣ್ಣಗ ಫೋನ್ ಮಾಡಿದ್ನಿ."

ಕೆಸರಲ್ಲಿ ಹೂತ ಬಂಡಿಗೆ ಹೆಗಲು ಕೊಡುವಾಗ ನಿಲ್ಲುವಂತೆ ಎಡಗಾಲು ಮುಂದಿಟ್ಟು ಬಾಗಿ ನಿಂತರು. ಕೆನ್ನೆ ಬಂದೂಕಿನ ಕಟ್ಟಿಗೆಗೆ ಒತ್ತಿತು. ಮೊದಲ ಗುಂಡು ಹಾಳೆಯ ಮೂಲೆಗೆ, ಎರಡನೆಯದು ಸ್ವಲ್ಪ ಒಳಕ್ಕೆ. ಮೂರನೆಯದಕ್ಕೆ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಹಾಳೆಯ ನಡುವೆ ತೂತಿತ್ತು, ಯಜಮಾನರು ನಿಂತೇ ಇದ್ದರು.

"ಹಗುರದ್ದ ಹಾಕ್ಯಾನ್ರಿ ಸಾಹೇಬ್ರ," ಎಂದು ಶಿವನಪ್ಪ ಕೂಗಿ ಹೇಳಿದ.

ಹಾಲೇಶ ರಿಜಿಸ್ಟರ್‌ನಿಂದ ತಲೆ ಎತ್ತಿದ. "ತೋಟಾ ಯಾಕ ಬದಲಿ ಮಾಡಿದ್ರಿ ಗೌಡ್ರ?"

ಈಗ ಮತ್ತೆ ಬಾವಿಯ ಮೆಟ್ಟಿಲಂಥದ್ದು ಏನಾದರೂ ಬರುತ್ತದೆ ಎಂದುಕೊಂಡೆ. ಇವರು ಬಂದೂಕಿನ ಬಾಯಿ ನೆಲಕ್ಕೆ ತಿರುಗಿಸಿ, ಅಣ್ಣನ ಕಡೆ ಒಮ್ಮೆ ನೋಡಿದರು.

"ಅಂಜಿಕಿ ಬರತೈತ್ರಿ ನನಗ. ಮದಲಿಂದನೂ," ಅಂದರು.

ಶಿವನಪ್ಪನ ನಗು ಅಲ್ಲಿಗೇ ನಿಂತಿತು. ಇಷ್ಟು ವರ್ಷ ನನ್ನೆದುರಿಗೂ ಆಡದ ಮಾತು ಅದು. ನನಗೆ ಅಳು ತಡೆಯಲಾಗಲಿಲ್ಲ.

"ಅಂಜೋರ ಮನ್ಯಾಗ ಬಂದೂಕು ಇದ್ರ ನಾವು ಆರಾಮ ನಿದ್ದಿ ಮಾಡತೀವ್ರಿ," ಎಂದು ಹಾಲೇಶ ಲೈಸೆನ್ಸಿನ ಮೇಲೆ ಶಿಕ್ಕಾ ಒತ್ತಿದ.